ಗೌಡರ ಕೊಟ್ಟಿಗೆಯ ವೀರಗಲ್ಲು

ನಮ್ಮೂರ ನೀರಗಂಟಿ ಸಣ್ಣೀರಪ್ಪನಂಥ ತಲೆ ಸುತ್ತಲ ಏಳು ಹಳ್ಳಿಯಲ್ಲಿಲ್ಲ, ಬೇಕಾದರೆ ಹುಡುಕಿ. ಊರಿನ ಹಳೇ ಕಲ್ಲುಗಳನ್ನೆಲ್ಲ ಜನ ಸೇರಿ ಶಾಲೆಯ ಮುಂದೆ ನಿಲ್ಲಿಸುತ್ತಿದ್ದರು. ಒಂದು ವೀರಗಲ್ಲು ಮಾತ್ರ ಕೆಂಚೇಗೌಡರ ಕೊಟ್ಟಿಗೆಯಲ್ಲಿ ಸಗಣಿ ಮೆತ್ತಿಕೊಂಡು ನಿಂತಿತ್ತು; ಕತ್ತಿ ಹಿಡಿದ ಒಬ್ಬ ಮೀಸೆಯವನಷ್ಟೇ ಹೊರಗೆ ಕಾಣುತ್ತಿದ್ದ.

"ಕತ್ತಿ ಹಿಡಿದ ಈ ಮೀಸೆಯವನು ನಮ್ಮ ಮುತ್ತಾತ ಅಂತ ಪಕ್ಕದಲ್ಲೊಂದು ಫಲಕ ಬರೆಸಿದರೆ ಮಾತ್ರ ಕಲ್ಲು ಕೊಡ್ತೀನಿ," ಎಂದರು ಗೌಡರು.

ದಿನಾ ಆ ಕೊಟ್ಟಿಗೆಗೆ ನೀರು ತುಂಬುವ ಸಣ್ಣೀರಪ್ಪನಿಗೆ ಕಲ್ಲಿನ ಗುಟ್ಟು ಗೊತ್ತಿತ್ತು. "ಅದಕ್ಕೇನಂತೆ ಗೌಡ್ರೇ! ಮೀಸೆ ನೋಡಿದ್ರೇ ಗೊತ್ತಾಗಲ್ವಾ? ಮೊದಲು ತಾತನಿಗೆ ಸ್ನಾನ ಮಾಡಿಸೋಣ," ಎಂದು ಎರಡು ಕೊಡ ನೀರು ಸುರಿದ.

ಸಗಣಿ ಇಳಿಯಿತು. ಮೀಸೆಯವನು ಊರ ಹಸು ಕದ್ದು ಓಡುತ್ತಿದ್ದ. ಸಗಣಿಯಡಿ ಮುಚ್ಚಿಹೋಗಿದ್ದ ನಿಜವಾದ ವೀರ ಹಿಂದಿನಿಂದ ಬಿಟ್ಟ ಬಾಣ ಅವನ ಬೆನ್ನಿಗೆ ನಾಟಿತ್ತು.

"ಈಗ ಬರೆಸೋಣ್ವಾ, ಗೌಡ್ರೇ?"

"ಯಾವನೋ ದನಗಳ್ಳ ಕಣಯ್ಯಾ! ಮೊದಲು ಎತ್ಕೊಂಡು ಹೋಗ್ರಯ್ಯಾ!" ಎಂದ ಗೌಡರು, ಕಲ್ಲು ಹೊತ್ತ ಗಾಡಿಗೆ ತಾವೇ ಹೆಗಲು ಕೊಟ್ಟರು.