ಕುಂಕುಮ ಬಿದ್ದ ಬೆಣೆ

ಹೋಟೆಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಸಾಕಮ್ಮ, ಮುರಿದ ಮಣೆಯ ಚೂರೊಂದನ್ನು ಓರೆಯಾಗಿ ಕೆತ್ತಿ ಬೆಣೆ ಮಾಡಿಕೊಂಡಿದ್ದಳು. ಅದನ್ನು ಸಾಣೆಕಲ್ಲಿನ ಮೇಲಿಟ್ಟು, ಚಾಕುವನ್ನು ಅದಕ್ಕೆ ಒರಗಿಸಿ ಮಸೆದರೆ ಅಲಗು ಪ್ರತಿ ಸಲವೂ ಒಂದೇ ಓರೆಗೆ ಕೂರುತ್ತಿತ್ತು. ಆ ಚಾಕುವಿನಲ್ಲಿ ಹೆಚ್ಚಿದರೆ ಎಂಥ ಹಣ್ಣು ಟೊಮೇಟೊ ಆದರೂ ನಜ್ಜಾಗುತ್ತಿರಲಿಲ್ಲ.

ಹಿರಿಯ ಅಡುಗೆಯವರಾದ ಅನಂತಭಟ್ಟರಿಗೆ ಅದನ್ನು ಕಂಡರೆ ಉರಿ. "ಮಸೆಯೋದು ಕೈಯಲ್ಲಿ ಬರಬೇಕು ಕಣೇ! ನನ್ನ ಅಡುಗೆಮನೇಲಿ ಈ ಊರುಗೋಲು ಬೇಡ. ನಾಳೆ ಹಬ್ಬ ಕಳೆದ ಮೇಲೂ ಕಣ್ಣಿಗೆ ಬಿದ್ದರೆ ಒಲೆಗೆ ಹಾಕ್ತೀನಿ."

"ಆಗಲಿ ಭಟ್ರೇ" ಎಂದಳು ಸಾಕಮ್ಮ. ಬಿಡುವ ಮನಸ್ಸು ಮಾತ್ರ ಅವಳಿಗಿರಲಿಲ್ಲ.

ಮರುದಿನ ಆಯುಧಪೂಜೆ. ಚಾಕು, ಈಳಿಗೆಮಣೆ, ಸೌಟುಗಳನ್ನೆಲ್ಲ ತೊಳೆದು ಜೋಡಿಸುವ ಕೆಲಸ ಅವಳದೇ. ಸಾಣೆಕಲ್ಲಿನ ಪಕ್ಕ ಬೆಣೆಯನ್ನೂ ಇಟ್ಟು, ಅದು ಕಾಣದಂತೆ ಮೇಲೆ ದಪ್ಪನೆಯ ಚೆಂಡುಹೂವಿನ ಹಾರ ಹಾಕಿದಳು. ಭಟ್ಟರು ಎಲ್ಲದರ ಮೇಲೂ ಕುಂಕುಮ ಎರಚಿ, ಮಂಗಳಾರತಿ ಎತ್ತಿ, ಎಲ್ಲರೆದುರು ಉದ್ದಕ್ಕೆ ಅಡ್ಡಬಿದ್ದರು.

ಹಬ್ಬ ಕಳೆಯಿತು. ಸಾಕಮ್ಮ ಹಾರ ತೆಗೆದು, ಬೆಣೆಯನ್ನು ಅವರ ಮುಂದೆ ಹಿಡಿದಳು. "ಒಲೆ ಚೆನ್ನಾಗಿ ಉರೀತಿದೆ ಭಟ್ರೇ. ಇದು ನೀವೇ ಪೂಜೆ ಮಾಡಿ ಅಡ್ಡಬಿದ್ದಿದ್ದು, ನಿಮ್ಮ ಕೈಯಾರೆ ಹಾಕಿಬಿಡಿ."

ಭಟ್ಟರು ಒಲೆ ನೋಡಿದರು. ಹೂವಿನ ಸಂದಿಯಿಂದ ಬೆಣೆಯ ಮೇಲೆ ಉದುರಿದ್ದ ಕುಂಕುಮ ನೋಡಿದರು. ತಮಗೇ ತಿಳಿಯದಂತೆ ಬೆಣೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಕೇಳಿದರು:

"ನನ್ನ ಚಾಕೂ ಸ್ವಲ್ಪ ಮೊಂಡಾಗಿದೆ ಕಣಮ್ಮ. ಇದನ್ನ ಯಾವ ಕಡೆಗೆ ಇಟ್ಕೋಬೇಕು?"