ಟಿಟ್ಟವ್ವನ ಮೊಟ್ಟೆಗೆ ದೃಷ್ಟಿಬೊಟ್ಟು

ಲೋಕಕ್ಕೆ ಬಣ್ಣ ಹಚ್ಚಿ ಇನ್ನೂ ಒಣಗಿರದ ಕಾಲ ಅದು. ಗಿಳಿ ಕೂತು ಎದ್ದರೆ ಕೊಂಬೆಗೆ ಹಸಿರು ಮೆತ್ತಿಕೊಳ್ಳುತ್ತಿತ್ತು. ನವಿಲನ್ನು ಮುಟ್ಟಿದರೆ ಕೈಯೆಲ್ಲ ನೀಲಿ. ಆಗ ಹಕ್ಕಿಗಳಿಗೆಲ್ಲ ಮರದ ಮೇಲೇ ಮನೆ. ಮೊಟ್ಟೆಗಳಿಗೆಲ್ಲ ಒಂದೇ ಬಣ್ಣ, ಬಿಳಿ.

ಟಿಟ್ಟವ್ವ ಎಂಬ ಟಿಟ್ಟಿಭ ಹಕ್ಕಿಯೂ ಗಂಡ ಟಿಟ್ಟಪ್ಪನ ಜೊತೆ ಒಂದು ಜಾಲಿಮರದ ಕವಲಿನಲ್ಲಿ ಇದ್ದಳು. ಉದ್ದನೆಯ ಹಳದಿ ಕಾಲು, ಸಣ್ಣ ದನಿ. ಎಷ್ಟು ಸಣ್ಣದೆಂದರೆ, ಪಕ್ಕದಲ್ಲೇ ಕೂತ ಟಿಟ್ಟಪ್ಪ ಕೂಡ "ಏನಂದೆ?" ಅಂತ ಎರಡೆರಡು ಸಲ ಕೇಳಬೇಕಿತ್ತು.

ಮೇಲಿನ ಕೊಂಬೆಯಲ್ಲಿ ಗೀಜಗಮ್ಮನ ಮನೆ. ಹುಲ್ಲು ಹೆಣೆದು ಮಾಡಿದ ತೂಗುಮನೆ. ಅವಳು ದಿನಕ್ಕೊಮ್ಮೆ ಬಗ್ಗಿ ನೋಡಿ, "ಏನ್ ಟಿಟ್ಟವ್ವ, ಇನ್ನೂ ಅದೇ ನಾಲ್ಕು ಕಡ್ಡಿನಾ?" ಅನ್ನುವಳು. ಟಿಟ್ಟವ್ವ ಉತ್ತರ ಕೊಡುವಳು. ಯಾರಿಗೂ ಕೇಳಿಸುತ್ತಿರಲಿಲ್ಲ.

ಹೀಗಿರುವಾಗ ಲೋಕಕ್ಕೆ ಮೊದಲನೇ ಬೇಸಿಗೆ ಬಂತು. ಪೈರು ಮನೆ ಸೇರಿತು. ಹೊಲ ಮೈ ಸಡಿಲ ಬಿಟ್ಟು ಹೇಳಿತು: "ಉಳೋದಿಲ್ಲ, ಬಿತ್ತೋದಿಲ್ಲ. ಮಳೆ ಬರೋವರೆಗೂ ನಾನು ಖಾಲಿ. ಯಾರಾದ್ರೂ ಬಂದು ನಾಲ್ಕು ದಿನ ಇದ್ದು ಹೋಗ್ರಪ್ಪ."

ಗಾಳಿ ಆ ಮಾತನ್ನು ಮನೆಮನೆಗೂ ಮುಟ್ಟಿಸಿತು.

"ಸೂರಿಲ್ಲದ ಕಡೆ ಯಾರು ಹೋಗ್ತಾರೆ?" ಅಂದರು ಎಲ್ಲರೂ. ಹೋದದ್ದು ಎರಡೇ ಸಂಸಾರ.

ಒಂದು ಸಿದ್ದವ್ವನದು. ಸಿದ್ದವ್ವ, ಗಂಡ ಮಾಳಣ್ಣ, ಒಂದು ಕೈಗೂಸು. ಅವರು ನಾಲ್ಕು ಗಳ ನೆಟ್ಟು, ಮೇಲೆ ಕರಿಕಂಬಳಿ ಕಟ್ಟಿ, ಮೂರು ಕಲ್ಲಿಟ್ಟು ಒಲೆ ಹೂಡಿದರು.

ಇನ್ನೊಂದು ಟಿಟ್ಟವ್ವನದು. ಅವರಿಗೆ ಕಂಬಳಿಯೂ ಇಲ್ಲ, ಗಳವೂ ಇಲ್ಲ.

ಆದರೂ ಅದೇನು ಸುಖ. ಬೆಳಿಗ್ಗೆ ತಂಪು ಮಣ್ಣಿನ ಮೇಲೆ ಓಡುವುದು, ನಿಲ್ಲುವುದು, ಮತ್ತೆ ಓಡುವುದು. ಮಧ್ಯಾಹ್ನ ಬಾವಿಯ ಪಕ್ಕದ ಕೆಸರಲ್ಲಿ ಕಾಲಿಟ್ಟು ಸುಮ್ಮನೆ ನಿಲ್ಲುವುದು. ಸಂಜೆ ಸಿದ್ದವ್ವ ಕಡಲೇಕಾಯಿ ಸುಡುತ್ತಿದ್ದಳು. ಸಿಪ್ಪೆಗೆ ಇರುವೆ ಬರುತ್ತಿದ್ದವು, ಇರುವೆಗೆ ಟಿಟ್ಟಪ್ಪ ಬರುತ್ತಿದ್ದ.

"ಇನ್ನೊಂಚೂರು ಬೀಸ್ಲಾ?" ಅಂತ ಗಾಳಿ ಕೇಳುತ್ತಿತ್ತು.

"ಬೀಸಪ್ಪ, ನಿನಗೇನು ಕೆಲಸ," ಅನ್ನುತ್ತಿದ್ದ ಟಿಟ್ಟಪ್ಪ.

"ಮರಕ್ಕೆ ಯಾವಾಗ ವಾಪಸ್ಸು?" ಅಂತ ಟಿಟ್ಟವ್ವ ಕೇಳಿದರೆ, "ನಾಳೆ." ಮಾರನೇ ದಿನ ಕೇಳಿದರೂ, "ನಾಳೆ." ಹಾಗೆ ನಾಳೆ ನಾಳೆ ಅನ್ನುತ್ತಲೇ ಟಿಟ್ಟವ್ವ ಒಂದು ದಿನ ಹೊಲದ ನಡುವೆ, ಎತ್ತಿನ ಗೊರಸಿನಷ್ಟಗಲದ ಕುಳಿಯಲ್ಲಿ, ನಾಲ್ಕು ಮೊಟ್ಟೆ ಇಟ್ಟುಬಿಟ್ಟಳು. ಮಲ್ಲಿಗೆಮೊಗ್ಗಿನಂಥ ಬಿಳಿ ಮೊಟ್ಟೆ.

ಅವನ್ನು ನೋಡಿದ್ದೇ ಅವಳ ಎದೆ ಉಬ್ಬಿತು. ಕತ್ತು ನೆಟ್ಟಗಾಯಿತು. ಆ ಸಣ್ಣ ದನಿ ಎಲ್ಲಿತ್ತೋ ಏನೋ, ಊರಿಗೆಲ್ಲ ಕೇಳುವಷ್ಟು ದೊಡ್ಡದಾಗಿ ಹೊರಟಿತು. "ಬನ್ನಿ, ನಮ್ಮ ಮೊಟ್ಟೆ ನೋಡ್ಬನ್ನಿ."

ಹಕ್ಕಿಗಳೆಲ್ಲ ಬಂದವು. ಗೀಜಗಮ್ಮನೂ ಬಂದಳು.

"ಮೊಟ್ಟೆ ಚೆನ್ನಾಗಿವೆ ಅನ್ನು. ಮನೆ ಎಲ್ಲಿ?"

"ನೀವು ನಿಂತಿದ್ದೀರಲ್ಲ, ಅದೇ," ಅಂದಳು ಟಿಟ್ಟವ್ವ.

"ಗೋಡೆ?"

"ಇನ್ನೂ ಮುಂದೆ ಎಲ್ಲೋ ಇರ್ಬೇಕು," ಅಂದ ಟಿಟ್ಟಪ್ಪ. "ಓಡಿ ಓಡಿ ನೋಡಿದ್ವಿ, ನಮಗಿನ್ನೂ ಸಿಕ್ಕಿಲ್ಲ."

ಅಷ್ಟರಲ್ಲಿ ಮೇಲಿಂದ ಒಂದು ನೆರಳು ಜಾರಿತು. ಹದ್ದು. "ಎಷ್ಟು ಬೆಳ್ಳಗಿವೆ ಟಿಟ್ಟವ್ವ. ಅಲ್ಲೆಲ್ಲೋ ಮೋಡದ ಹತ್ರ ಇದ್ದೋನಿಗೂ ಕಾಣಿಸಿದ್ವು. ಈಗ ಹೊಟ್ಟೆ ತುಂಬಿದೆ. ನಾಳೆ ಬರ್ತೀನಿ."

ಹಕ್ಕಿಗಳೆಲ್ಲ ಪುರ್ರನೆ ಎದ್ದು ಮರ ಸೇರಿದವು. ಟಿಟ್ಟಪ್ಪ ಮೊಟ್ಟೆಯನ್ನು ಕಾಲಲ್ಲಿ ಹಿಡಿದು ಹಾರಲು ನೋಡಿದ. ಅದು ಜಾರಿತು. ಕೊಕ್ಕಿನಲ್ಲಿ ಹಿಡಿಯಲು ನೋಡಿದ. ಮತ್ತೆ ಜಾರಿತು.

"ನಾನೇ ಕೂಗಿ ಕರೆದು ತೋರಿಸ್ದೆನಲ್ಲ," ಅಂದಳು ಟಿಟ್ಟವ್ವ. ಸಿದ್ದವ್ವನ ಕಂಬಳಿಯ ಕಡೆ ಓಡಿದಳು.

ಸಿದ್ದವ್ವ ಆಗ ತಾನೇ ಒಲೆಗೆ ಮಣ್ಣು ಸಾರಿಸಿ, ಮಡಕೆಯ ತಳದ ಮಸಿಯನ್ನು ಬೆರಳಲ್ಲಿ ತೆಗೆದು ಕೂಸಿನ ಕೆನ್ನೆಗೆ ಒಂದು ಬೊಟ್ಟು ಇಡುತ್ತಿದ್ದಳು.

"ಅಷ್ಟು ಚೆಂದದ ಮುಖಕ್ಕೆ ಮಸಿ ಯಾಕಕ್ಕ?"

"ಚೆಂದ ಇದೆ ಅಂತಾನೇ ಕಣೇ. ನೋಡಿದೋರ ಕಣ್ಣು ತಾಗ್ದೇ ಇರ್ಲಿ ಅಂತ."

"ನನ್ನ ಮಕ್ಕಳಿಗೂ ಇಡು ಬಾರಕ್ಕ. ಹದ್ದಿನ ಕಣ್ಣು ಬಿದ್ದಿದೆ."

ಸಿದ್ದವ್ವ ಮಡಕೆ ಎತ್ತಿಕೊಂಡೇ ಬಂದಳು. ಮಣ್ಣಿನ ಕೈ ತೊಳೆಯುವುದನ್ನು ಮರೆತಿದ್ದಳು. ಮೊಟ್ಟೆ ಎತ್ತಿ ಹಿಡಿದದ್ದೇ ತಡ, ಅದರ ಹಸಿ ಬಿಳಿಗೆ ಹೊಲದ ಮಣ್ಣು ಪೂರ್ತಿ ಅಂಟಿಕೊಂಡಿತು.

"ಅಯ್ಯೋ, ಬಿಳಿ ಹೋಯ್ತಲ್ಲೇ."

"ಹೋಗ್ಲಿ ಬಿಡಕ್ಕ. ಬೊಟ್ಟು ಇಡು."

ಸಿದ್ದವ್ವ ಮೊಟ್ಟೆಯನ್ನು ಹಾಗೆ ತಿರುಗಿಸಿದಳು, ಹೀಗೆ ತಿರುಗಿಸಿದಳು. "ಕೆನ್ನೆಗೆ ಇಡ್ಬೇಕು ಕಣೇ. ಇದರ ಕೆನ್ನೆ ಯಾವ ಕಡೆ?"

ಟಿಟ್ಟವ್ವ ಟಿಟ್ಟಪ್ಪನ ಮುಖ ನೋಡಿದಳು. ಅವನಿಗೂ ಗೊತ್ತಿರಲಿಲ್ಲ.

"ಎಲ್ಲಾ ಕಡೆನೂ ಇಡಕ್ಕ," ಅಂದಳು. "ಕೆನ್ನೆ ಎಲ್ಲಿದ್ರೂ ಸಿಗ್ಲಿ."

ಸಿದ್ದವ್ವ ಮೇಲೆ ಇಟ್ಟಳು, ಕೆಳಗೆ ಇಟ್ಟಳು, ಪಕ್ಕಕ್ಕೆ ಇಟ್ಟಳು. ನಾಲ್ಕು ಮೊಟ್ಟೆಗೂ ಮೈತುಂಬ ಬೊಟ್ಟು. ಬಿಸಿಲಿಗೆ ಬಣ್ಣ ಗಟ್ಟಿಯಾಯಿತು.

ಮಾರನೇ ದಿನ ಹದ್ದು ಬಂತು. ಟಿಟ್ಟವ್ವ ದೂರದ ಬದುವಿಗೆ ಓಡಿ ಹೋಗಿ ನಿಂತಳು. ತಿರುಗಿ ನೋಡಿದರೆ ಅವಳ ಕಣ್ಣಿಗೇ ಮೊಟ್ಟೆ ಕಾಣಲಿಲ್ಲ. ಅಲ್ಲಿದ್ದದ್ದು ಹೆಂಟೆ, ಹೆಂಟೆ, ಬರೀ ಮಣ್ಣಿನ ಹೆಂಟೆ. ಅವಳಿಗೆ ನಗು ಬಂತು, ಧೈರ್ಯವೂ ಬಂತು. ಕತ್ತು ಎತ್ತಿ ಇಡೀ ಹೊಲ ಅದುರುವ ಹಾಗೆ ಕೂಗಿದಳು: "ಇಲ್ಲಿ, ಇಲ್ಲಿ, ನಮ್ಮ ಮಕ್ಕಳು ಇಲ್ಲಿ."

ಹದ್ದು ಬದುವಿಗೆ ಇಳಿಯಿತು. ಏನೂ ಇಲ್ಲ. ಅವಳು ಇನ್ನೊಂದು ಮೂಲೆಗೆ ಹಾರಿ ಕೂಗಿದಳು. ಅಲ್ಲಿಗೂ ಹೋಯಿತು. ಅಲ್ಲೂ ಇಲ್ಲ. ಹೊತ್ತು ನೆತ್ತಿಗೇರುವವರೆಗೆ ಅಲೆದು, ಮೊಟ್ಟೆಗಳ ಪಕ್ಕದಲ್ಲೇ ಒಂದು ಸಲ ನಡೆದು, ಖಾಲಿ ಹೊಟ್ಟೆಯಲ್ಲಿ ಹಾರಿಹೋಯಿತು.

ಆಮೇಲೆ ಗೀಜಗಮ್ಮ ಮೆಲ್ಲಗೆ ಬಂದಳು. "ಎಲ್ಲೇ ಮೊಟ್ಟೆ?"

"ಮನೇಲಿ," ಅಂದಳು ಟಿಟ್ಟವ್ವ.

ಗೀಜಗಮ್ಮ ಸುತ್ತಲೂ ನೋಡಿದಳು. ಹೊಲ ಬಾನಿನ ಅಂಚಿನವರೆಗೆ ಹರಡಿತ್ತು. "ದೊಡ್ಡ ಮನೆ ಕಣೇ ನಿಂದು," ಅಂದಳು.

ಟಿಟ್ಟವ್ವ ಮತ್ತೆ ಮರ ಹತ್ತಲಿಲ್ಲ. ಅವಳ ಮಕ್ಕಳೂ ಹತ್ತಲಿಲ್ಲ. ಅದಕ್ಕೇ ಇವತ್ತಿಗೂ, ಬೇಸಿಗೆ ರಜೆಯಲ್ಲಿ ನೀವು ಹೊಲದಲ್ಲಿ ಗುಡಾರ ಹಾಕಿಕೊಂಡು ಇರುವಾಗ, ಹಳದಿ ಕಾಲಿನ ಹಕ್ಕಿಯೊಂದು ಬದುವಿನ ಮೇಲೆ ಎದೆಯುಬ್ಬಿಸಿ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದರೆ, ಅದರ ಮೊಟ್ಟೆಗಳು ಅಲ್ಲಿರುವುದಿಲ್ಲ. ನಿಮ್ಮ ಕಾಲಿನ ಹತ್ತಿರವೇ, ಹೆಂಟೆಗಳ ನಡುವೆ, ಮೈತುಂಬ ದೃಷ್ಟಿಬೊಟ್ಟು ಇಟ್ಟುಕೊಂಡು ನಿಶ್ಚಿಂತೆಯಾಗಿ ಮಲಗಿರುತ್ತವೆ.