ಹೆಗಲು ಕೊಟ್ಟ ದವಡೆಹಲ್ಲು

ದಾಕ್ಷಿಣ್ಯದ ದವಡೆಹಲ್ಲೊಂದಿತ್ತು. ಅದರ ಹಿಂದೆ ಅಡ್ಡಡ್ಡ ಹುಟ್ಟಿದ ಬುದ್ಧಿಹಲ್ಲು, "ಅಣ್ಣಾ, ಒರಗಿಕೊಳ್ಳಲೇ?" ಎಂದಿತು.

"ಒರಗಿಕೋಪ್ಪಾ, ಹೊಸಬ ನೀನು," ಎಂದು ದವಡೆಹಲ್ಲು ಹೆಗಲು ಕೊಟ್ಟಿತು.

ಇಬ್ಬರ ಸಂದಿಯಲ್ಲಿ ಅನ್ನದಗುಳು ಸಿಕ್ಕಿ ಕೊಳೆಯತೊಡಗಿತು. ನೋವೆದ್ದಾಗಲೆಲ್ಲ ಆ ಬಾಯಿಯ ಒಡತಿ ಲವಂಗ ಒತ್ತುವಳು, ದವಡೆಹಲ್ಲೂ ಸುಮ್ಮನಾಗುವುದು.

ಕೊನೆಗೆ ಕೆನ್ನೆ ಊದಿ, ಡಾಕ್ಟರ ಇಕ್ಕಳ ಬಾಯೊಳಗೆ ಬಂತು. ಮೇಲಿನ ಸಾಲಿನ ಬುದ್ಧಿಹಲ್ಲನ್ನು ಕಂಡು, "ನೀನು ನೆಟ್ಟಗಿದ್ದೀಯ, ಇರು," ಎಂದಿತು. ಅಡ್ಡಹಲ್ಲನ್ನು ಕಿತ್ತೆಸೆಯಿತು.

ಸದ್ಯ, ಪೀಡೆ ತೊಲಗಿತು ಎಂದು ದವಡೆಹಲ್ಲು ಉಸ್ಸೆನ್ನುವಷ್ಟರಲ್ಲಿ ಇಕ್ಕಳ ಅದರ ಕತ್ತನ್ನೇ ಹಿಡಿಯಿತು.

"ಅಯ್ಯಯ್ಯೋ, ನಾನಲ್ಲ! ನಾನು ಹೆಗಲು ಕೊಟ್ಟವನು!"

"ಗೊತ್ತು. ಆ ಹೆಗಲೇ ಬೇರಿನ ತನಕ ಕೊಳೆತಿದೆ," ಎಂದಿತು ಇಕ್ಕಳ. "ಮೊದಲ ನೋವಿಗೇ ಕೂಗಿದ್ದರೆ ಅವನೊಬ್ಬನನ್ನೇ ಒಯ್ಯುತ್ತಿದ್ದೆ."